ಗಂಡನನ್ನು ಬಿಟ್ಟೆ, ಮಾಮಾನನ್ನಲ್ಲ

ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳೋದು ಹೊಸದೇನಲ್ಲ. ಮದುವೆಯಾದಾಗ ನನಗೆ 20, ಅವ್ವನ ತಮ್ಮನಾದ ಮಾಮಾಗೆ 33. "ಹೊಲ ಮನ್ಯಾಗ ಉಳೀತೈತಿ, ಹುಡುಗಿ ಕಣ್ಮುಂದ ಇರ್ತಾಳ" ಅಂತ ಆಯಿ, ಅಂದರೆ ಅವ್ವನ ಅವ್ವ, ಹಟ ಹಿಡಿದಳು. ಬಾದಾಮಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಅಕ್ಕಿಕಾಳು ಬಿದ್ದವು. ಮರುದಿನ ಅವ್ವ ಒಳಗೆ ಕರೆದು ಹೇಳಿದ್ದು ಒಂದೇ ಮಾತು: "ಇನ್ಮ್ಯಾಲ ಅವಂಗ ಮಾಮಾ ಅನಬ್ಯಾಡ, ನೀ ಅಂತನೂ ಮಾತಾಡಬ್ಯಾಡ." ಅಲ್ಲಿಂದ ಹತ್ತು ವರ್ಷ ನಾನು ಅವನನ್ನು ಏನಂತಲೂ ಕರೆಯಲಿಲ್ಲ. "ರೀ" ಅನ್ನಲು ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಆ ನಗುವೂ ಹೋಯಿತು.

ಅವನು ಹೊಡೆಯಲಿಲ್ಲ, ಕುಡಿಯಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕಂದರೆ ಕೈ ಎತ್ತುವ ಗಂಡನ ಲೆಕ್ಕವೇ ಬೇರೆ. ಅಲ್ಲಿ ನನ್ನ ಹಾಗೆ ತಿಂಗಳುಗಟ್ಟಲೆ ಯೋಚನೆ ಮಾಡುತ್ತ ಕೂರಬಾರದು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬೇಕು, ಕೌಟುಂಬಿಕ ಹಿಂಸೆ ತಡೆಗೆ 2005ರ ಕಾಯ್ದೆಯೇ ಇದೆ. ನನ್ನದು ಬೇರೆ ರೋಗ. ಅವನ ಕಣ್ಣಿಗೆ ನಾನು ಇನ್ನೂ ಕೂಸು. ಸಾಲ ಮಾಡಿದ್ದು ಹೇಳುತ್ತಿರಲಿಲ್ಲ, ಬೋರು ಹೊಡೆಸಿದ್ದು ಊರವರಿಂದ ಗೊತ್ತಾಗುತ್ತಿತ್ತು. ಕೇಳಿದರೆ "ನಿನಗ ತಿಳಿಯೂದಿಲ್ಲ ಬಿಡ ಕೂಸ" ಅಂತಿದ್ದ. ಸೆಖೆ ಅಂತ ಹೊರಗೆ ಕಟ್ಟೆಯ ಮೇಲೆ ಮಲಗುತ್ತಿದ್ದವನು ಮಗಳು ಹುಟ್ಟಿದ ಮೇಲೆ ಚಳಿಗಾಲದಲ್ಲೂ ಅಲ್ಲೇ ಉಳಿದ.

ಒಂದು ಪಂಚಮಿಗೆ ಬಂಗಾರದ ಬೋರಮಾಳ ಸರ ಹಾಕಿಕೊಳ್ಳೋಣ ಅಂತ ಟ್ರಂಕು ತೆಗೆದೆ. ಡಬ್ಬಿ ಇತ್ತು, ಬೋರಮಾಳ ಇರಲಿಲ್ಲ. ಅಡವಿಟ್ಟು ಎಂಟು ತಿಂಗಳಾಗಿತ್ತಂತೆ. ಅವನು ತಪ್ಪು ಅಂತ ತಲೆ ತಗ್ಗಿಸಿದ್ದರೆ ಬಹುಶಃ ನಾನು ಅವತ್ತೇ ಮರೆಯುತ್ತಿದ್ದೆ. ಆದರೆ ಅವನು ಹೇಳಿದ್ದು: "ಅದು ನಮ್ಮಪ್ಪ ಅಕ್ಕಾಗ ಮಾಡಿಸಿದ್ದು. ನಮ್ಮ ಮನೀ ಬಂಗಾರ ನಮ್ಮ ಮನ್ಯಾಗs ಅದ." ಸ್ತ್ರೀಧನ ಹೆಂಡತಿಯದೇ, ಗಂಡ ಅದಕ್ಕೆ ಪಾಲುದಾರ ಅಲ್ಲ ಅಂತ ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ ಅಂತ ನನಗೆ ಆಮೇಲೆ ವಕೀಲರಿಂದ ತಿಳಿಯಿತು. ಅವತ್ತು ಮಾತ್ರ ಬಾಯಿ ಕಟ್ಟಿತು. ಆ ಮನೆಯಲ್ಲಿ ನನ್ನದು ಅಂತ ಬೇರೆ ಇರಲು ಸಾಧ್ಯ ಅನ್ನೋದೇ ಯಾರ ತಲೆಯಲ್ಲೂ ಇರಲಿಲ್ಲ, ನನ್ನ ತಲೆಯಲ್ಲೂ.

ಹಿರಿಯರನ್ನು ಕೂಡಿಸಿದರು. ಎರಡೂ ಕಡೆ ಹಿರಿಯರು ಬರಬೇಕಲ್ಲ? ನಮ್ಮಲ್ಲಿ ಎರಡೂ ಕಡೆಗೂ ಅವರೇ! ಗಂಡಿನ ಕಡೆ ಮಾತಾಡಿದ ಕಾಕಾ ಚಾ ಕುಡಿದು ಹೆಣ್ಣಿನ ಕಡೆಯೂ ಮಾತಾಡಿದ. ನಾನು ಬಿಟ್ಟು ಬಂದರೆ ಅವ್ವನ ತವರು ಮುಗಿಯಿತು, ಇದು ಯಾರೂ ಬಾಯಿ ಬಿಟ್ಟು ಹೇಳದಿದ್ದರೂ ಎಲ್ಲರ ಮುಖದಲ್ಲಿತ್ತು. ಪಂಚಮಿಗೆ ಅವ್ವನ್ನ ಕರೆಯಲು ಬರಬೇಕಾದವನೇ ನನ್ನ ಗಂಡ.

ಕಷ್ಟದಲ್ಲಿರುವ ಹೆಂಗಸರಿಗೆ ಸಲಹೆ ಕೊಡುವ ಸಾಂತ್ವನ ಕೇಂದ್ರಕ್ಕೆ ಹೋಗಿದ್ದು ನನ್ನ ಗಿರಾಕಿಯೊಬ್ಬರ ಮಾತಿನಿಂದ. ನಾನು ಜಂಪರ ಹೊಲಿಯುವವಳು, ಅಳತೆ ಕೊಡುತ್ತ ಹೆಂಗಸರು ಏನೆಲ್ಲ ಹೇಳುತ್ತಾರೆ ಅನ್ನೋದು ನನ್ನಂಥ ಟೇಲರುಗಳಿಗೇ ಗೊತ್ತು. ಅಲ್ಲಿಯ ಅಕ್ಕೋರು ಇರು ಅನ್ನಲಿಲ್ಲ, ಬಿಡು ಅನ್ನಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಅವರು ನಿಮ್ಮ ಸ್ವಾದರಮಾವ ಅಲ್ಲದಿದ್ರ ಎಷ್ಟು ದಿನ ಇರ್ತಿದ್ರಿ?"

ಉತ್ತರ ಬರಲಿಲ್ಲ. ಮನೆಗೆ ಬಂದು ಅಳತೆ ಬರೆಯುವ ವಹಿಯ ಹಿಂದಿನ ಹಾಳೆಗಳಲ್ಲಿ ನಡುವೆ ಗೆರೆ ಎಳೆದೆ. ಎಡಕ್ಕೆ ಅವನು ಮಾಮಾ ಆಗಿ ಮಾಡಿದ್ದು, ಬಲಕ್ಕೆ ಗಂಡ ಆಗಿ ಮಾಡಿದ್ದು. ಆರು ತಿಂಗಳು ಬರೆದೆ. ಎಡಗಡೆ ತುಂಬುತ್ತ ಹೋಯಿತು: ಅಪ್ಪನ ಆಪರೇಷನ್‌ಗೆ ಎಂಟು ರಾತ್ರಿ ಆಸ್ಪತ್ರೆಯಲ್ಲಿ ಕೂತ, ಅವ್ವಗೆ ಕನ್ನಡಕ ತಂದ, ನನಗೆ ಜ್ವರ ಬಂದಾಗ ಬೆಳಗಿನ ಜಾವ ಬೈಕಿನಲ್ಲಿ ಡಾಕ್ಟರ ಹತ್ತಿರ ಒಯ್ದ. ಜ್ವರದ್ದನ್ನು ಮೊದಲು ಬಲಕ್ಕೆ ಬರೆದಿದ್ದೆ. ಎರಡು ದಿನ ಬಿಟ್ಟು ಹೊಡೆದುಹಾಕಿ ಎಡಕ್ಕೆ ಬರೆದೆ. ಒಂಬತ್ತು ವರ್ಷದವಳಿದ್ದಾಗಲೂ ಹಾಗೇ ಒಯ್ದಿದ್ದ, ಆಗ ಸೈಕಲ್ ಇತ್ತು ಅಷ್ಟೇ. ಬಲಗಡೆ ಆರು ತಿಂಗಳಿಗೆ ಮೂರು ಸಾಲು.

ನೋಡಿ, ಜಗಳ ಎಣಿಸಿದ್ದರೆ ನನಗೆ ಏನೂ ತಿಳಿಯುತ್ತಿರಲಿಲ್ಲ. ಒಳ್ಳೆಯದನ್ನು ಬರೆದು, ಅದು ಯಾವ ಸಂಬಂಧದ ಒಳ್ಳೆಯದು ಅಂತ ಬೇರೆ ಮಾಡಿದಾಗ ಗೊತ್ತಾಯಿತು. ಆ ಹತ್ತು ವರ್ಷ ನಾನು ಮಾಮಾನ ಪ್ರೀತಿ ತೋರಿಸಿ ಸಂಸಾರದ ಸಾಲ ತೀರಿಸುತ್ತಿದ್ದೆ.

ಆದರೂ ಕೂಡಲೇ ಬಿಡಲಿಲ್ಲ. ಯುಗಾದಿಯಿಂದ ದಸರೆಯವರೆಗೆ ಗಡುವು ಹಾಕಿಕೊಂಡೆ, ಅವನಿಗೂ ಹೇಳಿದೆ: ಬೋರಮಾಳ ಬಿಡಿಸಿಕೊಂಡು ಬರಬೇಕು, ಸಾಲದ ಕಾಗದ ಎಲ್ಲ ನನಗೆ ತೋರಿಸಬೇಕು, ಇಬ್ಬರೂ ಅಕ್ಕೋರ ಹತ್ತಿರ ಹೋಗಬೇಕು. ಅವನು ಮಾಡಿದ. ಅದೇ ಕಷ್ಟವಾದದ್ದು. ಐದನೇ ತಿಂಗಳಿಗೆ ಬೋರಮಾಳ ತಂದು ಮಷೀನಿನ ಮೇಲೆ ಇಟ್ಟ, ಕಟ್ಟೆ ಬಿಟ್ಟು ಒಳಗೆ ಮಲಗಿದ. ಗೋಡೆಗೆ ಮುಖ ಮಾಡಿ, ಬೆನ್ನು ಸೆಟೆದುಕೊಂಡು, ರೈಲಿನಲ್ಲಿ ಪರವೂರಿನವರ ಪಕ್ಕ ಜಾಗ ಸಿಕ್ಕವರ ಹಾಗೆ ಮಲಗುತ್ತಿದ್ದ. ಒಂದು ರಾತ್ರಿ ಎದ್ದು ಕೂತು ಹೇಳಿದ: "ನನಗ ಆಗವಲ್ದು ಕೂಸ. ನಿನ್ನ ಮಾರಿ ನೋಡಿದ್ರ ಬನಶಂಕರಿ ಜಾತ್ರ್ಯಾಗ ನನ್ನ ಹೆಗಲ ಮ್ಯಾಲ ಕುಂತಾಕಿನs ಕಾಣ್ತಾಳ. ನಾ ಅವತ್ತs ಅವ್ವಗ ಬ್ಯಾಡ ಅಂದಿದ್ದೆ." ಅವನೂ ಬೇಡ ಅಂದಿದ್ದ ಅನ್ನೋದು ನನಗೆ ಹತ್ತು ವರ್ಷ ಗೊತ್ತಿರಲಿಲ್ಲ. ಇಬ್ಬರೂ ಅತ್ತೆವು. ದಸರೆಯವರೆಗೆ ಕಾಯಲಿಲ್ಲ.

ಮಗಳನ್ನು ಕರೆದುಕೊಂಡು ಬಾಗಲಕೋಟೆ ನವನಗರಕ್ಕೆ ಬಂದೆ. ಬಾಡಿಗೆ ಕೊಟ್ಟ ಅಜ್ಜಿಯ ಹಳೇ ಮನೆ ಆಲಮಟ್ಟಿ ಹಿನ್ನೀರಿಗೆ ಹೋಗಿತ್ತು. ಗಂಡ ಎಲ್ಲಿ ಅಂತ ಕೇಳದ ಒಬ್ಬಳೇ ಮನುಷ್ಯಳು ಆಕೆ. "ನಾವೂ ಮನೀ ಬಿಟ್ಟ ಬಂದವ್ರs" ಅಂದು ಕೀಲಿ ಕೊಟ್ಟಳು.

ಮೊದಲು ಕಂಡ ವಕೀಲರು "ಸ್ವಲ್ಪ ಖಾರ ಹಾಕಿ ಬರಿಯೂಣು" ಅಂದರು, ಅಂದರೆ ಕಿರುಕುಳದ ಕೇಸು. ಎದ್ದು ಬಂದೆ. ಎರಡನೆಯವರು ಹಿಂದೂ ವಿವಾಹ ಕಾಯ್ದೆಯ 13ಬಿ ತಿಳಿಸಿ ಹೇಳಿದರು: ಇಬ್ಬರೂ ಒಪ್ಪಿ ಬಿಡುವುದು, 1976ರಲ್ಲಿ ಸೇರಿದ ಕಲಮು. ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿ ಆರು ತಿಂಗಳ ನಂತರ, 18 ತಿಂಗಳ ಒಳಗೆ ಮತ್ತೆ ಹೋಗಿ ಒಪ್ಪಿಗೆ ಹೇಳಬೇಕು. ಬೇರೆ ಅಂದರೆ ಬೇರೆ ಮನೆಯೇ ಆಗಬೇಕಂತಿಲ್ಲ, ಒಂದೇ ಸೂರಿನಡಿ ಗಂಡ-ಹೆಂಡತಿಯಾಗಿ ಬಾಳದಿದ್ದರೂ ಅದು ಬೇರೆಯೇ. ಆ ಆರು ತಿಂಗಳನ್ನು ಕೋರ್ಟು ಮನಸ್ಸು ಮಾಡಿದರೆ ಬಿಟ್ಟುಕೊಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಾವು ಕೇಳಲಿಲ್ಲ, ಅಷ್ಟು ಅವಸರ ಇಬ್ಬರಿಗೂ ಇರಲಿಲ್ಲ. ಸೋದರಮಾವ-ಅಕ್ಕನ ಮಗಳ ಮದುವೆ ಕಾಯ್ದೆಯಲ್ಲಿ ನಿಷಿದ್ಧ, ರೂಢಿ ಇದ್ದವರಿಗೆ ಮಾತ್ರ ಸಡಿಲಿಕೆ ಅನ್ನೋದೂ ಆಗಲೇ ಗೊತ್ತಾಗಿದ್ದು. ಮಗಳು ನನ್ನ ಹತ್ತಿರ, ಶಾಲೆ ಫೀ ಅವನದು, ಸೂಟಿಯಲ್ಲಿ ಹದಿನೈದು ದಿನ ಊರಿಗೆ, ಇಷ್ಟನ್ನು ಅರ್ಜಿಯಲ್ಲೇ ಬರೆಸಿದೆವು. ಬಾಯಿಮಾತಿನಲ್ಲಿ ಬಿಟ್ಟಿದ್ದರೆ ಇವತ್ತು ಕಾಕಾಗಳು ಮತ್ತೆ ಕೂಡುತ್ತಿದ್ದರು.

ಖರ್ಚು ಆದದ್ದು ಬೇರೆ ಕಡೆ. ಅವ್ವ ಹದಿನಾಲ್ಕು ತಿಂಗಳು ಮಾತಾಡಲಿಲ್ಲ. ಎರಡು ಪಂಚಮಿಗೆ ಯಾರೂ ಅವಳನ್ನು ಕರೆಯಲು ಬರಲಿಲ್ಲ. ಉಂಡೆ ಕಟ್ಟಿ ಡಬ್ಬಿ ತುಂಬಿ ಬಾಗಿಲಲ್ಲಿ ಕೂತಿದ್ದಳಂತೆ, ಅಪ್ಪ ಹೇಳಿದ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಈಗಲೂ ಇಲ್ಲ.

ಈ ಸಲ ಶ್ರಾವಣಕ್ಕೆ ಮುಂಚೆ ಮಾಮಾ ಅಂಗಡಿಗೆ ಬಂದ. ಚೀಲದಲ್ಲಿ ಗುಳೇದಗುಡ್ಡದ ಹೊಸ ಖಣ, ಅದರ ಜೊತೆ ಅಳತೆಗೆ ಆಯಿಯ ಹಳೇ ಕುಬಸ. ಆಯಿ ಮಾತು ಏನೂ ಹೇಳಿ ಕಳಿಸಿರಲಿಲ್ಲ. ಕುಬಸ ಹಾಸಿ ನೋಡಿದೆ. ಎರಡೂ ಬಗಲಲ್ಲಿ ಕೈಹೊಲಿಗೆ ಹಾಕಿ ಒಂದೊಂದು ಇಂಚು ಒಳಗೆ ಹಿಡಿದಿದ್ದಳು. ಇಷ್ಟು ಸೊರಗಿದ್ದಾಳೆ.

"ಯಾವಾಗ ಬೇಕಂತ ಮಾಮಾ?" ಅಂದೆ.

"ಪಂಚಮಿಗೆ" ಅಂದ. "ಅಕ್ಕನ್ನ ಕರೀಲಿಕ್ಕೆ ಬರ್ತೀನಿ, ಅವತ್ತs ಒಯ್ತೀನಿ."