ಮಟನ್ ಜೊತೆ ಸ್ವಲ್ಪ ಲಿವರ್ ಕೂಡ ತನ್ನಿ

ಭಾನುವಾರ ರಸೆಲ್ ಮಾರ್ಕೆಟ್‌ಗೋ ಮನೆ ಹತ್ತಿರದ ಅಂಗಡಿಗೋ ಹೋದಾಗ ಬರೀ ಮಟನ್ ತರಬೇಡಿ, ಕಾಲು ಕೆಜಿ ಲಿವರ್ ಕೂಡ ಹಾಕಿಸಿಕೊಳ್ಳಿ. ರಕ್ತ ಕಡಿಮೆ ಇರೋ ಹೆಣ್ಮಕ್ಕಳಿಗೆ ಇಷ್ಟು ಕಡಿಮೆ ದುಡ್ಡಲ್ಲಿ ಇದಕ್ಕಿಂತ ಒಳ್ಳೇದು ನನಗಂತೂ ಕಂಡಿಲ್ಲ. 100 ಗ್ರಾಂ ಹಸಿ ಕುರಿ ಲಿವರ್‌ನಲ್ಲಿ ಸುಮಾರು 7 ಮಿಲಿಗ್ರಾಂ ಕಬ್ಬಿಣ, ಕೋಳಿಯದರಲ್ಲಿ 9. ಸೊಪ್ಪಿನ ಕಬ್ಬಿಣಕ್ಕಿಂತ ಇದು ಬೇಗ ಮೈಗೆ ಹತ್ತುತ್ತೆ. ಬಿ12, ಫೋಲೇಟ್ ಕೂಡ ಧಾರಾಳ.

ಮೆಣಸು ಹಾಕಿ, ಒಳಗೆ ಕೆಂಪು ಉಳಿಯದ ಹಾಗೆ ಹುರಿದು, ಮುದ್ದೆ, ಸೊಪ್ಪಿನ ಸಾರಿನ ಜೊತೆ ಬಡಿಸಿ. ವಾರಕ್ಕೊಂದು ಸಲ ಸಾಕು. ವಿಟಮಿನ್ ಎ ವಿಪರೀತ ಇರೋದರಿಂದ ಗರ್ಭಿಣಿಯರಿಗೆ ದಯವಿಟ್ಟು ಕೊಡಬೇಡಿ, ಬಸುರಿಗೆ ಒಳ್ಳೇದು ಅಂತ ಹಿರಿಯರು ಒತ್ತಾಯ ಮಾಡಿದರೂ. ಯೂರಿಕ್ ಆಸಿಡ್ ಜಾಸ್ತಿ ಇರೋರೂ ದೂರ ಇಡಿ.