ಮಾಡಿಗೆ ಶೀಟು ಹೊದಿಸಿದ್ದು: ಏನೇನು ಕೊಂಡೆ, ಯಾಕೆ ಕೊಂಡೆ

ಮನೆ ಹಿಂದಿನ ಕಡಿಮಾಡಿಗೂ (ಗೋಡೆಗೆ ಒರಗಿಸಿದ ಇಳಿಜಾರು ಛಾವಣಿ) ಅಡಿಕೆ ಮನೆಗೂ ಶೀಟು ಹೊದಿಸಿದೆ, ಕೊಟ್ಟಿಗೆಯ ಮಾಡಿಗೆ ಮಾತ್ರ ಹಾಕಲಿಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ತೀರ್ಥಹಳ್ಳಿ ಕಡೆ ಹೆಂಚು ಒಡೆಯುವ ಮಂಗನ ಕಾಟಕ್ಕೆ ಬೇಸತ್ತವರೆಲ್ಲ ಮನೆ, ಕೊಟ್ಟಿಗೆ, ಅಡಿಕೆ ಮನೆ ಅಂತ ನೋಡದೆ ಒಂದೇ ಲೋಡಿನಲ್ಲಿ ಶೀಟು ತರಿಸಿ ಹೊದಿಸುತ್ತಿದ್ದಾರೆ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಗ್ಯಾಲ್ವಲ್ಯೂಮ್ ಶೀಟು. ಉಕ್ಕಿನ ತಗಡಿನ ಮೇಲೆ ನೂರಕ್ಕೆ ಸುಮಾರು 55 ಭಾಗ ಅಲ್ಯೂಮಿನಿಯಂ, ಉಳಿದದ್ದು ಬಹುಪಾಲು ಸತು, ಚೂರು ಸಿಲಿಕಾನ್ ಸೇರಿದ ಲೇಪ. ಬೇಕಿದ್ದರೆ ಅದರ ಮೇಲೆ ಬಣ್ಣ. ಮಳೆಗೆ ಇದು ಬರೀ ಸತು ಲೇಪದ ಹಳೇ ಜಿಐ ತಗಡಿಗಿಂತ ಎಷ್ಟೋ ಮೇಲು. ಆದರೆ ಸಗಣಿ, ಗಂಜಳದಿಂದ ಏಳುವ ಅಮೋನಿಯಾ ಇದಕ್ಕೆ ಆಗಿಬರುವುದಿಲ್ಲ. ದನ ಕಟ್ಟುವ ಮುಚ್ಚಿದ ಜಾಗದಲ್ಲಿ ಲೇಪ ಕೆಳಗಿನಿಂದ ಕರಗುತ್ತ ಹೋಗುತ್ತದೆ, ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಮನೆ ಹಿಂದಿನ ಕಡಿಮಾಡಿನಿಂದ ಮತ್ತು ಅಡಿಕೆ ಮನೆಯಿಂದ ಇಳಿಸಿದ ಮಂಗಳೂರು ಹೆಂಚಿನಲ್ಲಿ ಗಟ್ಟಿಯಾದವನ್ನು ಆರಿಸಿ ಕೊಟ್ಟಿಗೆಗೆ ಹಾಕಿದೆ. ಹೆಂಚಿನ ಸಂದಿಯಲ್ಲಿ ಹಬೆ ಹೊರಗೆ ಹೋಗುತ್ತದೆ, ದನಕ್ಕೂ ತಂಪು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ; ನಮ್ಮದು ಅದಕ್ಕಿಂತ ಸ್ವಲ್ಪ ಕಡಿಮೆಯ ಜಾಗ, ಅಷ್ಟೆ. ಅಷ್ಟು ಮಳೆ ಇದ್ದರೂ ಸರಿಯಾದ ಇಳಿಜಾರಿನಲ್ಲಿ ಹರಿದುಹೋಗುವ ನೀರಿಗೆ ನಾನು ಹೆದರಲಿಲ್ಲ. ಹೆಂಚಿಗೆಂದೇ ಮಾಡಿದ ಇಳಿಜಾರು ಶೀಟಿಗೆ ಧಾರಾಳ ಸಾಕು. ಶೀಟನ್ನು ಬೇರೇನು ತಿನ್ನಬಹುದು ಎಂದು ಒಂದೊಂದೇ ಯೋಚಿಸಿ, ಸಾಮಾನು ಕೊಂಡಿದ್ದು ಅದರ ಮೇಲೆಯೇ.

ಶಿವಮೊಗ್ಗದ ಅಂಗಡಿಯಲ್ಲಿ ದಪ್ಪದ ಮಾತು ಬಂತು. "ಅಣ್ಣಾ, ಇದು ಪಾಯಿಂಟ್ ಐದು" ಅಂದರು. "ಲೇಪ, ಬಣ್ಣ ಎಲ್ಲ ಸೇರಿ ಪಾಯಿಂಟ್ ಐದೋ, ಬರೀ ತಗಡೇ ಪಾಯಿಂಟ್ ಐದೋ?" ಅಂತ ಕೇಳಿದೆ. ಎರಡಕ್ಕೂ ವ್ಯತ್ಯಾಸವಿದೆ. ಎಲ್ಲ ಸೇರಿ 0.50 ಮಿಲಿಮೀಟರ್ ಇದ್ದರೆ ಒಳಗಿನ ಉಕ್ಕು ಸುಮಾರು 0.45 ಇರುತ್ತದೆ. ಆಳು ಹತ್ತಿ ಓಡಾಡುವ ಮಾಡಿಗೆ ಅದಕ್ಕಿಂತ ತೆಳು ನನಗೆ ಬೇಡವಾಗಿತ್ತು. ಲೇಪ ಎಷ್ಟು ಅಂತಲೂ ಕೇಳಬೇಕು. ಎಝಡ್ 150 ಅಂದರೆ ಎರಡೂ ಮೈ ಸೇರಿ ಚದರ ಮೀಟರಿಗೆ 150 ಗ್ರಾಂ. ಶೀಟಿನ ಮೈಮೇಲೆ ಅಚ್ಚಾಗಿರುವ ಸಾಲನ್ನು ಓದಿ, ಬಿಲ್ಲಿನಲ್ಲೂ ಅದನ್ನೇ ಬರೆಸಿಕೊಂಡೆ. 12 ಅಡಿ ಉದ್ದ, ಮೂರೂವರೆ ಅಡಿ ಅಗಲದ ಶೀಟು ಈ ದಪ್ಪದಲ್ಲಿ ಹೆಚ್ಚುಕಡಿಮೆ 17 ಕೆಜಿ ತೂಗಬೇಕು. ಅಂಗಡಿಯ ತಕ್ಕಡಿಯಲ್ಲಿ ಒಂದನ್ನು ಇಟ್ಟು ನೋಡುವುದಕ್ಕೆ ಸಂಕೋಚ ಪಡಬೇಕಾಗಿಲ್ಲ.

ಸ್ಕ್ರೂ ಕೊಳ್ಳುವಾಗ ನಾನು ಶೀಟಿಗಿಂತ ಹೆಚ್ಚು ಹೊತ್ತು ಅಂಗಡಿಯಲ್ಲಿ ನಿಂತೆ. ಒಂದು ಮಾಡಿಗೆ ನೂರಾರು ಸ್ಕ್ರೂ ಬೀಳುತ್ತವೆ, ಅಂದರೆ ನಾವೇ ಕೈಯಾರೆ ನೂರಾರು ತೂತು ಮಾಡುತ್ತೇವೆ. ಆ ತೂತಿಗೂ ಮಳೆಗೂ ನಡುವೆ ಇರುವುದು ಸ್ಕ್ರೂ ತಲೆಯ ಕೆಳಗಿನ ಕಪ್ಪು ವಾಷರ್ ಒಂದೇ. ಎರಡು ಡಬ್ಬಿಯಿಂದ ಒಂದೊಂದು ಸ್ಕ್ರೂ ತೆಗೆದು ವಾಷರನ್ನು ಉಗುರಿನಿಂದ ಎಬ್ಬಿಸಿ ಮಡಚಿ ನೋಡಿದೆ. ಒಂದು, ಬಿಟ್ಟ ಕೂಡಲೇ ಮೊದಲಿನಂತೆ ಚಪ್ಪಟೆಯಾಯಿತು, ಎಳೆದರೆ ಹಿಗ್ಗಿ ವಾಪಸ್ ಬಂತು. ಇನ್ನೊಂದರಲ್ಲಿ ಮಡಿಕೆಯ ಬಿಳಿ ಗೆರೆ ಹಾಗೇ ಉಳಿಯಿತು. ಮೊದಲನೆಯದು ಇಪಿಡಿಎಂ ರಬ್ಬರು. ಬೇಸಿಗೆಯ ಬಿಸಿಲು ತಿಂದರೂ ಮೆತ್ತಗೇ ಇರುತ್ತದೆ. ಎರಡನೆಯದು ಬರೀ ಪ್ಲಾಸ್ಟಿಕ್, ಬಿಸಿಲಿಗೆ ಸೀಳು ಬಿಡುತ್ತದೆ. 16 ಅಡಿಯ ಶೀಟು ನಡುಹಗಲ ಬಿಸಿಗೂ ರಾತ್ರಿಯ ಥಂಡಿಗೂ ನಡುವೆ ಎರಡು ಮಿಲಿಮೀಟರಿನಷ್ಟು ಹಿಗ್ಗಿ ಕುಗ್ಗುವುದುಂಟು. ದಿನಾ ಆ ಎಳೆದಾಟ ತಡೆಯಬೇಕಾದದ್ದು ಈ ವಾಷರೇ.

ಅಡಿಕೆ ಮನೆಗೆ ಕಬ್ಬಿಣದ ಚೌಕ ಪೈಪಿನ ಚೌಕಟ್ಟು, ಕಡಿಮಾಡಿಗೆ ಹಳೇ ಮರದ ಪಕಾಸು. ಎರಡಕ್ಕೂ ಒಂದೇ ಸ್ಕ್ರೂ ತರಬಾರದು. ಕಬ್ಬಿಣಕ್ಕೆ ತುದಿಯಲ್ಲಿ ಡ್ರಿಲ್ ಬಿಟ್ಟಿನಂತೆ ಮೊನೆ ಇರುವುದು ಬೇಕು. ಅದೇ ಸ್ಕ್ರೂ ಮರಕ್ಕೆ ಹಾಕಿದರೆ ಮೊನೆ ತೂತನ್ನು ಅಗಲ ಮಾಡಿ, ತಿರುಪಿನ ಸುತ್ತು ಹಿಡಿಯದ ಹಾಗೆ ಮಾಡುತ್ತದೆ. ಮರಕ್ಕೆ ಚೂಪು ಮೊನೆಯ, ದೂರ ದೂರ ಸುತ್ತಿರುವ ಸ್ಕ್ರೂ. ನಾನು ಸ್ಕ್ರೂ ಹೊಡೆದಿದ್ದು ಶೀಟಿನ ಏಣಿನ (ಉಬ್ಬಿದ ಸಾಲಿನ) ಮೇಲೆ, ನೀರು ಹರಿಯುವ ತಗ್ಗಿನಲ್ಲಲ್ಲ. ಹಾಗಾಗಿ 55 ಮಿಲಿಮೀಟರ್ ಉದ್ದದ್ದು ಬೇಕಾಯಿತು.

ಇನ್ನು ಬೋರ್ಡೋ, ಅಂದರೆ ಅಡಿಕೆಗೆ ಹೊಡೆಯುವ ತಾಮ್ರದ ಔಷಧಿ. ಅಡಿಕೆ ತೋಟವಿರುವವರು ಇದನ್ನು ಗಮನಿಸಲೇಬೇಕು. ಕೊಳೆರೋಗಕ್ಕೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಹಾಕಿ ಹೊಡೆಯುತ್ತೇವಲ್ಲ, ಆ ಮೈಲುತುತ್ತದಲ್ಲಿ ಇರುವುದು ತಾಮ್ರ. ದ್ರಾವಣ ಹದಕ್ಕೆ ಬಂದಿದೆಯೇ ನೋಡಲು ಕಬ್ಬಿಣದ ಚಾಕು ಅದ್ದುತ್ತೇವೆ; ಸುಣ್ಣ ಕಡಿಮೆಯಾಗಿದ್ದರೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಅದೇ ತಾಮ್ರ ಸತು, ಅಲ್ಯೂಮಿನಿಯಂ ಲೇಪದ ಮೇಲೆ ಕೂತರೆ ಸುತ್ತಲಿನ ಲೇಪವನ್ನು ತಿನ್ನುತ್ತದೆ. ಸುಣ್ಣ ಹೆಚ್ಚಾದರೂ ಒಳ್ಳೆಯದಲ್ಲ, ಅಲ್ಯೂಮಿನಿಯಂಗೆ ಕ್ಷಾರ ಆಗದು. ನಮ್ಮ ಅಡಿಕೆ ಮನೆಯ ಒಂದು ಪಕ್ಕ ತೋಟಕ್ಕೆ ತಾಗಿಕೊಂಡೇ ಇದೆ. ಅದಕ್ಕೇ ಅಲ್ಲಿಗೆ ಬರೀ ಬೆಳ್ಳಿ ಬಣ್ಣದ ಶೀಟು ಬಿಟ್ಟು ಬಣ್ಣದ ಶೀಟು ಹಾಕಿದೆ. ಔಷಧಿ ಹೊಡೆದ ದಿನ ಸಂಜೆ ಪೈಪು ಹಿಡಿದು ಆ ಪಕ್ಕವನ್ನು ತೊಳೆಯುತ್ತೇವೆ.

ಸಲಕರಣೆ ಹೆಚ್ಚೇನೂ ಬೇಡ, ಆದರೆ ಇರುವುದು ಸರಿಯಾಗಿರಬೇಕು. ಬ್ಯಾಟರಿ ಡ್ರಿಲ್ಲಿಗೆ ಕ್ಲಚ್ ಇರಲೇಬೇಕು. ವಾಷರ್ ತಗಡಿನ ಬಟ್ಟಲಿನ ಅಂಚಿಗೆ ಸಮವಾಗಿ ಬಂದ ಕೂಡಲೇ ನಿಲ್ಲಿಸುವುದಕ್ಕೆ ಅದು ಬೇಕು. ರಬ್ಬರು ಹೊರಗೆ ಉಬ್ಬಿದರೆ ಬಿಗಿ ಜಾಸ್ತಿಯಾಯಿತು, ವಾಷರ್ ತಿರುಗಿಸಲು ಬಂದರೆ ಸಾಲದು. ಎಂಟು ಮಿಲಿಮೀಟರಿನ ಅಯಸ್ಕಾಂತದ ಸಾಕೆಟ್ ಎರಡು ಇಟ್ಟುಕೊಂಡೆ. ತಗಡು ಕತ್ತರಿಯಲ್ಲಿ ಹಳದಿ ಹಿಡಿಯದ್ದು ನೇರಕ್ಕೆ, ಕೆಂಪು ಎಡಕ್ಕೆ, ಹಸಿರು ಬಲಕ್ಕೆ ಕತ್ತರಿಸುತ್ತದೆ, ಮೂರೂ ಬೇಕಾದವು. ವೆಲ್ಡಿಂಗಿಗೆ ಬಂದ ಹುಡುಗ "ಗ್ರೈಂಡರ್ ಇದೆಯಲ್ಲ ಅಣ್ಣಾ, ಎರಡು ನಿಮಿಷ" ಅಂದ. ಬೇಡ ಅಂದೆ. ಗ್ರೈಂಡರಿನ ಬಿಸಿಗೆ ಅಂಚಿನ ಲೇಪವೇ ಸುಟ್ಟುಹೋಗುತ್ತದೆ. ಹಾರಿದ ಕಿಡಿ ಬಣ್ಣದೊಳಗೆ ಹೂತು, ಮೊದಲ ಮಳೆಗೆ ಶೀಟಿನ ಮೇಲೆಲ್ಲ ಕೆಂಪು ಚುಕ್ಕಿ ಏಳುತ್ತದೆ. ಸ್ಕ್ರೂ ಕೊರೆದ ಪುಡಿಯನ್ನೂ ದಿನಾ ಸಂಜೆ ಮೆತ್ತನೆ ಪೊರಕೆಯಲ್ಲಿ ಗುಡಿಸಿಯೇ ಇಳಿಯುತ್ತಿದ್ದೆವು.

ಶೀಟು ಇಡುವ ಕೆಲಸಕ್ಕೆ ಭಾವ ಜೊತೆಗಿದ್ದರು. ಮೊದಲ ಶೀಟು ನೇರವಾಗಿ ಕೂತರೆ ಉಳಿದದ್ದು ತಾನಾಗಿ ಕೂರುತ್ತದೆ. ಸೂರಿನ ಉದ್ದಕ್ಕೂ ನೂಲು ಕಟ್ಟಿ, ಮೂಲೆಯಿಂದ ಒಂದು ಕಡೆ 6 ಅಡಿ, ಇನ್ನೊಂದು ಕಡೆ 8 ಅಡಿ ಗುರುತು ಹಾಕಿ, ಎರಡು ಗುರುತಿನ ನಡುವೆ 10 ಅಡಿ ಬರುವವರೆಗೆ ಸರಿಸಿದೆವು. ಮಳೆಗಾಲದ ಗಾಳಿ ನಮಗೆ ಪಡುವಣದಿಂದ ಬರುತ್ತದೆ, ಅದಕ್ಕೇ ಮೂಡಣ ತುದಿಯಿಂದ ಶುರುಮಾಡಿದೆವು. ಹಾಗೆ ಮಾಡಿದರೆ ಮೇಲೆ ಬರುವ ಶೀಟಿನ ಅಂಚು ಗಾಳಿಗೆ ಬೆನ್ನು ಹಾಕಿರುತ್ತದೆ, ನೀರು ಸಂದಿಗೆ ನುಗ್ಗುವುದಿಲ್ಲ. ಸೂರಿನಲ್ಲೂ ನೆತ್ತಿಯಲ್ಲೂ ಪ್ರತಿ ಏಣಿನ ಮೇಲೂ ಸ್ಕ್ರೂ, ನಡುವೆ ಒಂದು ಬಿಟ್ಟು ಒಂದು. ಕಾಲಿಡುವುದು ಸ್ಕ್ರೂ ಸಾಲಿನ ಮೇಲೆ, ತಗ್ಗಿನಲ್ಲಿ ಮಾತ್ರ. ಬೆಳಗಿನ ಇಬ್ಬನಿ ಆರುವವರೆಗೆ ಯಾರೂ ಹತ್ತಲಿಲ್ಲ. ಹತ್ತಿದವರ ಸೊಂಟದ ಹಗ್ಗ ಆಚೆ ಬದಿಯ ಗಟ್ಟಿ ಕಂಬಕ್ಕೆ ಕಟ್ಟಿರುತ್ತಿತ್ತು.

ಕಡಿಮಾಡು ಜಂಬಿಟ್ಟಿಗೆ ಗೋಡೆಗೆ ಸೇರುವ ಜಾಗಕ್ಕೆ ಸಾಮಾನ್ಯವಾಗಿ ಸಿಮೆಂಟು ಮೆತ್ತುತ್ತಾರೆ. ಹಸಿ ಸಿಮೆಂಟು ಲೇಪವನ್ನು ಕೊರೆಯುತ್ತದೆ, ಒಣಗಿದ ಮೇಲೆ ಬಿರುಕು ಬಿಡುತ್ತದೆ. ಗೋಡೆಯಲ್ಲಿ ಒಂದಿಂಚಿನ ಕಚ್ಚು ಕೊಯ್ದು, ಮಡಚಿದ ತಗಡಿನ ಪಟ್ಟಿಯನ್ನು ಒಳಗೆ ತೂರಿಸಿ ಸೀಲಂಟ್ ತುಂಬಿದೆ. ಅಗ್ಗದ ಸಿಲಿಕೋನ್ ತೆರೆದರೆ ವಿನೆಗರ್ ವಾಸನೆ ಹೊಡೆಯುತ್ತದೆ. ಆ ಹುಳಿ ಸತುವಿಗೆ ಕೆಟ್ಟದ್ದು. ಟ್ಯೂಬಿನ ಮೇಲೆ ನ್ಯೂಟ್ರಲ್ ಎಂದು ಬರೆದದ್ದನ್ನೇ ಕೇಳಿ ತಂದೆ. ಬಚ್ಚಲ ಒಲೆಯ ಹೊಗೆ ಪೈಪನ್ನು ಶೀಟು ಕೊರೆದು ಮೇಲಕ್ಕೆ ತೆಗೆಯದೆ ಗೋಡೆಯಿಂದ ಆಚೆಗೆ ಹಾಯಿಸಿದೆ.

ಶೀಟು ಮನೆಗೆ ಬಂದ ವಾರದಲ್ಲೇ ಏಪ್ರಿಲ್ ಮಳೆ ಬರಬಹುದು. ಒಂದರ ಮೇಲೊಂದು ಪೇರಿಸಿಟ್ಟ ಶೀಟುಗಳ ನಡುವೆ ನೀರು ನಿಂತರೆ ಬಿಳಿ ತುಕ್ಕು ಹಿಡಿಯುತ್ತದೆ, ಹೊದಿಸುವ ಮೊದಲೇ ಹಾಳು. ಜಗಲಿಯಲ್ಲಿ ಅಡಿಕೆ ದಬ್ಬೆಯ ಮೇಲೆ, ಒಂದು ತುದಿ ಎತ್ತರಿಸಿ ಇಟ್ಟಿದ್ದೆ. ಉಳಿದ ಒಂದು ಶೀಟು, ಒಂದು ಡಬ್ಬಿ ಸ್ಕ್ರೂ ಅಟ್ಟದ ಮೇಲಿದೆ. ದೀಪಾವಳಿ ಕಳೆದು ಮಾಡು ಒಣಗಿದ ಮೇಲೆ ಹತ್ತಿ, ಸಂದಿಯಲ್ಲಿ ಸಿಕ್ಕ ಎಲೆ ತೆಗೆದು, ಸಡಿಲವಾದ ಸ್ಕ್ರೂ ಬದಲಿಸುತ್ತೇನೆ.