ಮಣ್ಣೊಳಗಿದ್ದದ್ದೆಲ್ಲ ಬೇರಲ್ಲ: ಗಿಡದ ಭಾಗಗಳನ್ನು ನಾನು ಕಲಿಸುವ ರೀತಿ

ಉಡುಪಿ ಹತ್ತಿರದ ಹಳ್ಳಿ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ದಾಸವಾಳದ ಚಿತ್ರ ಬರೆದು ಬೇರು, ಕಾಂಡ, ಎಲೆ, ಹೂ ಅಂತ ಹೆಸರು ಬರೆಸುವುದು ಸುಲಭ. ಮಕ್ಕಳು ಪರೀಕ್ಷೆಯಲ್ಲೂ ಸರಿಯಾಗಿ ಬರೆಯುತ್ತಾರೆ. ಆದರೆ ಕೈಗೆ ಒಂದು ತುಂಡು ಶುಂಠಿ ಕೊಟ್ಟು ಇದು ಯಾವ ಭಾಗ ಅಂತ ಕೇಳಿದರೆ ಇಡೀ ತರಗತಿ "ಬೇರು ಟೀಚರ್" ಅನ್ನುತ್ತದೆ. ಮಣ್ಣೊಳಗೆ ಇತ್ತಲ್ಲ, ಅದಕ್ಕೆ. ಒಂದು ಭಾಗ ಎಲ್ಲಿದೆ ಅಂತ ನೋಡಿ ಹೆಸರಿಟ್ಟರೆ ಸಾಲದು. ಅದರಲ್ಲಿ ಏನೇನಿದೆ, ಅದು ಏನು ಕೆಲಸ ಮಾಡುತ್ತದೆ ಅಂತ ನೋಡಬೇಕು. ಇದನ್ನು ಕಲಿಸಲು ನಾನು ಮನೆಯ ತರಕಾರಿಗಳನ್ನೇ ತರಗತಿಗೆ ತರಿಸುತ್ತೇನೆ.

ಮೊದಲು ಶುಂಠಿ, ಅರಿಶಿನ, ಬಟಾಟೆ, ಗೆಣಸು. "ಗಂಟು ಹುಡುಕಿ, ಮೊಗ್ಗು ಹುಡುಕಿ" ಅನ್ನುತ್ತೇನೆ. ಶುಂಠಿಯ ಸುತ್ತ ಉಂಗುರದಂಥ ಗೆರೆ ಇದೆ, ಅದೇ ಗಂಟು. ಅಲ್ಲಿ ಒಣಗಿದ ತೆಳು ಪೊರೆಯೊಂದು ಅಂಟಿರುತ್ತದೆ, ಅದು ಎಲೆ. ಬಟಾಟೆಯ ಕಣ್ಣಿನಲ್ಲಿ ಮೊಗ್ಗಿದೆ. ಹಾಗಾಗಿ ಇವೆಲ್ಲ ಆಹಾರ ಕೂಡಿಟ್ಟ ಕಾಂಡಗಳು. ಗೆಣಸಿನಲ್ಲಿ ಗಂಟಿಲ್ಲ, ಅದು ಬೇರು. "ಗೆಣಸೂ ಮೊಳಕೆ ಬರ್ತದಲ್ವಾ?" ಅಂತ ಯಾರಾದರೂ ಕೇಳಿದರೆ ನನಗೆ ತುಂಬ ಖುಷಿ. ಹೌದು, ಬರುತ್ತದೆ. ಅದಕ್ಕೇ ಮೊಳಕೆಯೊಂದನ್ನೇ ನಂಬಬಾರದು, ಗಂಟನ್ನೂ ನೋಡಬೇಕು.

ಇದರ ಉಲ್ಟಾ ನೋಡಬೇಕಾದರೆ ಅಡಿಕೆ ತೋಟಕ್ಕೆ ಹೋದರಾಯಿತು. ಕಾಳುಮೆಣಸಿನ ಬಳ್ಳಿಯ ಗಂಟುಗಳಿಂದ ಬೇರು ಹೊರಟು ಮರವನ್ನು ಹಿಡಿದುಕೊಂಡಿರುತ್ತದೆ. ಮಣ್ಣಿನ ಸಂಪರ್ಕವೇ ಇಲ್ಲ, ಆದರೂ ಬೇರೇ. ಕೋಡಿ ಬೆಂಗ್ರೆ ಕಡೆ ಹೊಳೆ ಬದಿಯ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳಲ್ಲಿ ಕೆಲವು ಜಾತಿಯವು ಕೆಸರಿನಿಂದ ಮೇಲಕ್ಕೆ ಬೇರು ಚಾಚುತ್ತವೆ, ಗಾಳಿಗಾಗಿ.

ನನಗೆ ಎಲ್ಲಕ್ಕಿಂತ ಇಷ್ಟದ ಪಾಠ ಬಾಳೆಯದು. ಗೊನೆ ಕಡಿದ ಬಾಳೆಯ ತುಂಡನ್ನು ಮಕ್ಕಳ ಮನೆಯಿಂದಲೇ ತರಿಸಿ ಪದರ ಪದರ ಬಿಡಿಸುತ್ತೇವೆ. ನಾವು ಕಾಂಡ ಅಂದುಕೊಂಡದ್ದು ಎಲೆಗಳ ಬುಡ. ಒಂದನ್ನೊಂದು ಬಿಗಿಯಾಗಿ ಸುತ್ತಿಕೊಂಡು ಅವು ಅಷ್ಟೆತ್ತರ ನಿಂತಿವೆ. ಪದರವನ್ನು ಅಡ್ಡ ಕತ್ತರಿಸಿದರೆ ಗಾಳಿ ತುಂಬಿದ ಗೂಡುಗಳು ಕಾಣುತ್ತವೆ. ಉಡುಪಿ ಮಲ್ಲಿಗೆ ಕಟ್ಟುವ ನಾರು ಬರುವುದೂ ಈ ಪದರಗಳಿಂದಲೇ. ನಡುವೆ ಸಿಗುವ ಬಿಳಿ ದಿಂಡು ಮಾತ್ರ ಕಾಂಡ, ಹೂವನ್ನು ಹೊತ್ತು ಮೇಲೆ ಬಂದದ್ದು. ಹೂ ಬಿಡುವ ಕಾಲ ಬರುವವರೆಗೆ ಅದು ಮೇಲೇರುವುದೇ ಇಲ್ಲ. ಎಳೆ ಬಾಳೆ ಕಡಿದರೆ ಪಲ್ಯಕ್ಕೆ ದಿಂಡು ಸಿಗದಿರುವುದು ಅದಕ್ಕೇ. ಉಳಿದ ಕಾಂಡ ಮಣ್ಣೊಳಗಿನ ಗೆಡ್ಡೆ, ಕಂದುಗಳು ಹುಟ್ಟುವುದು ಅಲ್ಲಿಂದ.

ಪೂಂಬೆಯನ್ನೂ, ಅಂದರೆ ಬಾಳೆ ಹೂವಿನ ಮೊಗ್ಗನ್ನೂ, ಬಿಡಿಸುತ್ತೇವೆ. ಪ್ರತಿ ಕೆಂಪು ಹೊದಿಕೆಯ ಕೆಳಗೆ ಸಾಲು ಹೂಗಳು. ಮೊದಲು ಬಿಚ್ಚಿಕೊಂಡ ಸಾಲುಗಳಲ್ಲಿ ಹೆಣ್ಣು ಹೂ, ಅವೇ ಕಾಯಿಯ ಚಿಪ್ಪುಗಳಾಗುತ್ತವೆ. ತುದಿಯಲ್ಲಿ ಉಳಿಯುವುದು ಗಂಡು ಹೂ. ಹಾಗಾಗಿ ಚಿಪ್ಪುಗಳೆಲ್ಲ ಬಂದ ಮೇಲೆ ಪೂಂಬೆ ಕೊಯ್ದು ಚಟ್ನಿ ಮಾಡಿದರೆ ಗೊನೆಗೇನೂ ನಷ್ಟವಿಲ್ಲ.

ನೀರು ಮೇಲೇರುವುದನ್ನು ತೋರಿಸಲು ಮಳೆಗಾಲದ ಕರ್ಣಕುಂಡಲ ಗಿಡ ಸಾಕು. ಅದರ ಕಾಂಡ ತಿಳಿ. ಬುಡ ಕತ್ತರಿಸಿ ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ಇಟ್ಟರೆ ಕೆಲವು ಗಂಟೆಗಳಲ್ಲಿ ಕೆಂಪು ಗೆರೆ ಕಾಣುತ್ತದೆ. ಪಕ್ಕದಲ್ಲಿ ಎಲೆ ಪೂರ್ತಿ ಕಿತ್ತ ಇನ್ನೊಂದು ಗಿಡ ಇಡಿ. ಅದರಲ್ಲಿ ಬಣ್ಣ ನಿಧಾನ. ಎಲೆಯಿಂದ ನೀರು ಆವಿಯಾಗಿ ಹೋಗುತ್ತಿದ್ದರೆ ಕೆಳಗಿನ ನೀರಿಗೆ ಎಳೆತ ಸಿಗುತ್ತದೆ ಅಂತ ಮಕ್ಕಳೇ ಹೇಳುವಂತಾಗುತ್ತದೆ.

ಗೇರುಹಣ್ಣನ್ನು ರಜೆಗೆ ಮುಂಚೆ, ಮಾರ್ಚ್‌ನಲ್ಲೇ ತರಿಸಬೇಕು. ರಸ ತುಂಬಿದ ಕೆಂಪು, ಹಳದಿ ಭಾಗ ಹೂವಿನ ತೊಟ್ಟು ಉಬ್ಬಿ ಆದದ್ದು. ನಿಜವಾದ ಹಣ್ಣು ಕೆಳಗೆ ನೇತಾಡುವ, ಗಟ್ಟಿ ಸಿಪ್ಪೆಯ ಗೇರುಕಾಯಿ. ಅದರೊಳಗಿದೆ ಬೀಜ. ಹಸಿ ಕಾಯಿಯನ್ನು ಮಾತ್ರ ಮಕ್ಕಳ ಕೈಯಲ್ಲಿ ಒಡೆಸಬೇಡಿ. ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಒಳಗಿನದನ್ನು ತೋರಿಸಲು ನಾನು ಸುಟ್ಟು ಒಡೆದ ಕಾಯಿಯನ್ನು ಮನೆಯಿಂದಲೇ ಒಯ್ಯುತ್ತೇನೆ.